ಕ್ಲಿನಿಕಲ್ ನ್ಯೂರೋಸೈಕಾಲಜಿ: ತರಬೇತಿ ಸೀಟಿಗೆ ಅರ್ಜಿ ಹಾಕುವ ಮೊದಲು

ಕಳೆದ ಕೆಲವು ವರ್ಷಗಳಿಂದ ನಮ್ಮ ಟ್ರಸ್ಟ್‌ಗೆ ಬರುವ ವಿದ್ಯಾರ್ಥಿವೇತನದ ಅರ್ಜಿಗಳಲ್ಲಿ ಮನಃಶಾಸ್ತ್ರ ಓದುವವರು ಹೆಚ್ಚುತ್ತಿದ್ದಾರೆ. ಅವರಲ್ಲಿ ಹೆಣ್ಣುಮಕ್ಕಳೇ ಅಧಿಕ. ಅಲ್‌ಹಮ್ದುಲಿಲ್ಲಾಹ್, ಇದು ಸಂತೋಷದ ಸಂಗತಿ. ಆದರೆ ಅರ್ಜಿಯಲ್ಲಿ ‘ಮುಂದಿನ ಗುರಿ’ ಎಂಬ ಸಾಲಿನ ಎದುರು ಬರೆದದ್ದನ್ನು ಓದಿದಾಗ, ಎಂ.ಎ. ಮುಗಿದ ಮೇಲೆ ಯಾವ ಬಾಗಿಲು ತಟ್ಟಬೇಕು ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲವೆಂದು ಕಾಣುತ್ತದೆ. ‘ಸೈಕಾಲಜಿಸ್ಟ್’, ‘ಕೌನ್ಸೆಲರ್’, ‘ಮೆದುಳಿನ ಡಾಕ್ಟರ್’ ಎಂಬ ಮೂರೂ ಒಂದೇ ಅರ್ಥದಲ್ಲಿ ಬಂದಿರುತ್ತವೆ. ಹಾಗಾಗಿ ಈ ಸಾಲಿನ ವರದಿಯಲ್ಲಿ ಒಂದು ನಿರ್ದಿಷ್ಟ ದಾರಿಯ ಬಗ್ಗೆ, ಅಂದರೆ ಕ್ಲಿನಿಕಲ್ ನ್ಯೂರೋಸೈಕಾಲಜಿಯ ಬಗ್ಗೆ, ವಿವರವಾಗಿ ಬರೆಯುತ್ತಿದ್ದೇವೆ. ವಿದ್ಯಾರ್ಥಿಗಳಷ್ಟೇ ಅಲ್ಲ, ಅವರ ತಂದೆ ತಾಯಿಯೂ ಓದಬೇಕೆಂಬುದು ನಮ್ಮ ವಿನಂತಿ.

ಈ ವಿದ್ಯೆ ಏನು ಮಾಡುತ್ತದೆ?

ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾದ ಯುವಕರಿಲ್ಲದ ಜಮಾಅತ್ ನಮ್ಮ ಕಡೆ ವಿರಳ. ಆಸ್ಪತ್ರೆಯಿಂದ ಬಂದ ಮೇಲೆ ಗಾಯ ಮಾಯುತ್ತದೆ, ಹುಡುಗ ಮೊದಲಿನಂತೆ ಮಾತಾಡುತ್ತಾನೆ, ನಡೆಯುತ್ತಾನೆ. ಆದರೆ ಅಂಗಡಿಗೆ ಮರಳಿದರೆ ಮೂರು ಗಿರಾಕಿಗಳು ಒಟ್ಟಿಗೆ ಬಂದಾಗ ಲೆಕ್ಕ ತಪ್ಪುತ್ತದೆ. ಬೆಳಿಗ್ಗೆ ಹೇಳಿದ ಕೆಲಸ ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಸಣ್ಣ ಮಾತಿಗೂ ಸಿಟ್ಟು. ಮನೆಯವರು ‘ಸೋಮಾರಿಯಾಗಿದ್ದಾನೆ’ ಎನ್ನುತ್ತಾರೆ, ನೆರೆಯವರು ‘ಯಾರದೋ ಕಣ್ಣು ತಾಗಿದೆ’ ಎನ್ನುತ್ತಾರೆ. ನಿಜವಾಗಿ ಯೋಜನೆ ಹಾಕುವ, ಗಮನ ಹಂಚುವ, ಆವೇಶ ತಡೆಯುವ ಮೆದುಳಿನ ಮುಂಭಾಗಕ್ಕೆ ಪೆಟ್ಟಾಗಿರಬಹುದು. ಸ್ಕ್ಯಾನ್ ಮೆದುಳಿನ ರಚನೆಯನ್ನು ತೋರಿಸುತ್ತದೆ. ಆ ಮೆದುಳು ಈಗ ಏನೇನು ಮಾಡಬಲ್ಲದು, ಯಾವುದರಲ್ಲಿ ಎಡವುತ್ತದೆ ಎಂಬುದನ್ನು ಅಳೆಯುವವರು ನ್ಯೂರೋಸೈಕಾಲಜಿಸ್ಟ್.

ಅವರು ಔಷಧಿ ಬರೆಯುವುದಿಲ್ಲ. ಎಂ.ಬಿ.ಬಿ.ಎಸ್. ನಂತರ ಮನೋವೈದ್ಯಶಾಸ್ತ್ರ ಓದಿದವರು ಸೈಕಿಯಾಟ್ರಿಸ್ಟ್, ನರರೋಗ ಓದಿದವರು ನ್ಯೂರಾಲಜಿಸ್ಟ್. ಇವರು ಆ ಇಬ್ಬರ ಪಕ್ಕದಲ್ಲಿ ಕುಳಿತು ಕೆಲಸ ಮಾಡುವವರು. ಹದಿನೈದು ಪದಗಳ ಪಟ್ಟಿಯನ್ನು ಐದು ಸಲ ಓದಿ ಹೇಳಿ, ಪ್ರತಿ ಸಲ ಎಷ್ಟು ನೆನಪಿದೆ ಎಂದು ಕೇಳುವುದು, ಸ್ವಲ್ಪ ಹೊತ್ತಿನ ನಂತರ ಮತ್ತೆ ಕೇಳುವುದು ಒಂದು ಪರೀಕ್ಷೆ. ಬಣ್ಣದ ಗುಂಡುಗಳನ್ನು ಕನಿಷ್ಠ ಚಲನೆಯಲ್ಲಿ ಸರಿಯಾದ ಕ್ರಮಕ್ಕೆ ತರಿಸುವುದು ಇನ್ನೊಂದು. ಎರಡೂ ಕೈಗಳ ಬೆರಳು ಬಡಿಯುವ ವೇಗವನ್ನು ಬೇರೆ ಬೇರೆಯಾಗಿ ಎಣಿಸುವುದು ಮತ್ತೊಂದು. ನೋಡಲು ಮಕ್ಕಳಾಟದಂತಿದ್ದರೂ ವಯಸ್ಸು, ಲಿಂಗ, ವಿದ್ಯಾಭ್ಯಾಸಕ್ಕೆ ತಕ್ಕ ಸಾಮಾನ್ಯರ ಅಂಕಗಳೊಡನೆ ಹೋಲಿಸಿದಾಗ ಮೆದುಳಿನ ಯಾವ ಕೆಲಸ ಸೊರಗಿದೆ ಎಂಬ ಚಿತ್ರ ಸಿಗುತ್ತದೆ. ಅಜ್ಜಿಗೆ ಬಂದಿರುವುದು ಮರೆವಿನ ಕಾಯಿಲೆಯೋ ಖಿನ್ನತೆಯೋ ಎಂಬುದನ್ನು ಬೇರ್ಪಡಿಸಲು, ಪಾರ್ಶ್ವವಾಯುವಿನ ನಂತರ ಏನು ಉಳಿದಿದೆ ಎಂದು ತಿಳಿಯಲು, ಅಪಘಾತ ಪರಿಹಾರದ ಮೊಕದ್ದಮೆಗೆ ದಾಖಲೆ ಒದಗಿಸಲು ಈ ಚಿತ್ರ ಬೇಕು.

ಅಪಸ್ಮಾರದ ಶಸ್ತ್ರಚಿಕಿತ್ಸೆಗೆ ಮೊದಲಂತೂ ಇದು ಬೇಕೇ ಬೇಕು. ಯಾಕೆಂದರೆ 1953ರಲ್ಲಿ ಅಮೆರಿಕಾದ ಹೆನ್ರಿ ಮೊಲೈಸನ್ ಎಂಬ ಯುವಕನ ಅಪಸ್ಮಾರ ನಿಲ್ಲಿಸಲು ಮೆದುಳಿನ ಎರಡೂ ಬದಿಯ ಟೆಂಪೊರಲ್ ಭಾಗದ ಒಳಭಾಗವನ್ನು ತೆಗೆದರು. ಅಪಸ್ಮಾರವೇನೋ ಬಹಳಷ್ಟು ಕಡಿಮೆಯಾಯಿತು, ಆದರೆ ಆತನಿಗೆ ಹೊಸದಾಗಿ ಏನನ್ನೂ ನೆನಪಿಟ್ಟುಕೊಳ್ಳುವ ಶಕ್ತಿ ಹೋಯಿತು. 2008ರಲ್ಲಿ ತೀರಿಕೊಳ್ಳುವವರೆಗೂ ಅದು ಮರಳಲಿಲ್ಲ. ಆತನನ್ನು ದಶಕಗಳ ಕಾಲ ಪರೀಕ್ಷಿಸಿದ ಬ್ರೆಂಡಾ ಮಿಲ್ನರ್ ಎಂಬ ಮಹಿಳೆಯ ಕೆಲಸದಿಂದ ಸ್ಮರಣೆಯ ಬಗ್ಗೆ ಜಗತ್ತು ಬಹಳಷ್ಟು ಕಲಿತಿದೆ.

ನಮ್ಮ ಮಕ್ಕಳಿಗೆ ಇರುವ ಒಂದು ಅನುಕೂಲ

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶೋಭಿನಿ ರಾವ್, ಸುಬ್ಬಕೃಷ್ಣ ಮತ್ತು ಗೋಪುಕುಮಾರ್ ಅವರು 2004ರಲ್ಲಿ ಹೊರತಂದ ಪರೀಕ್ಷಾ ಸಂಪುಟ ಇಂದಿಗೂ ದೇಶದ ಬಹಳ ಕಡೆ ಬಳಕೆಯಲ್ಲಿದೆ. ಪಾಶ್ಚಾತ್ಯ ದೇಶಗಳ ಅಂಕಗಳನ್ನು ಹಾಗೆಯೇ ಎತ್ತಿಕೊಳ್ಳದೆ ಇಲ್ಲಿನ ಜನರ ಮೇಲೆ ಪರೀಕ್ಷಿಸಿ ಅಳತೆಗೋಲು ಮಾಡಿದ್ದು, ಓದು ಬರಹ ಬಾರದವರನ್ನೂ ಸೇರಿಸಿಕೊಂಡದ್ದು ಅದರ ದೊಡ್ಡ ಗುಣ. ಒಂದು ಉದಾಹರಣೆ: ಒಂದು ನಿಮಿಷದಲ್ಲಿ ಒಂದೇ ಅಕ್ಷರದಿಂದ ಶುರುವಾಗುವ ಎಷ್ಟು ಪದ ಹೇಳುತ್ತೀರಿ ಎಂಬ ಪರೀಕ್ಷೆ ಶಾಲೆಗೆ ಹೋದವರಿಗೆ ಸರಿ. ಅಕ್ಷರವೇ ಗೊತ್ತಿಲ್ಲದ ಅಜ್ಜಿಗೆ ಅದು ಅನ್ಯಾಯ. ಅವರಿಗೆ ಪ್ರಾಣಿಗಳ ಹೆಸರು ಹೇಳಿ ಎನ್ನಬೇಕಾಗುತ್ತದೆ.

ಭಾಷೆಯ ಪ್ರಶ್ನೆ ಬರುವುದು ಇಲ್ಲೇ. ಪರೀಕ್ಷೆಯ ಸೂಚನೆಯನ್ನು ರೋಗಿಯ ಭಾಷೆಯಲ್ಲಿ, ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ ಹೇಳಬೇಕು. ಸೊಸೆಯನ್ನು ಪಕ್ಕದಲ್ಲಿ ಕೂರಿಸಿ ತರ್ಜುಮೆ ಮಾಡಿಸಿದರೆ ಆಕೆ ಪಾಪ, ಅತ್ತೆಗೆ ಸುಳಿವು ಕೊಟ್ಟೇ ಕೊಡುತ್ತಾಳೆ, ಅಂಕಕ್ಕೆ ಬೆಲೆಯಿಲ್ಲ. ಮನೆಯಲ್ಲಿ ಬ್ಯಾರಿ, ಮದ್ರಸದಲ್ಲಿ ಮಲಯಾಳ ಅಥವಾ ಉರ್ದು, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್ ಮಾತಾಡಿ ಬೆಳೆದ ನಮ್ಮ ಹುಡುಗಿಯರು ಇದನ್ನು ಒಂದು ಅರ್ಹತೆ ಎಂದೇ ಭಾವಿಸಿಲ್ಲ. ಅರ್ಜಿಯ ‘ಭಾಷೆಗಳು’ ಎಂಬ ಕಡೆ ‘ಇಂಗ್ಲಿಷ್, ಕನ್ನಡ’ ಎಂದಷ್ಟೇ ಬರೆದು ಮುಗಿಸುತ್ತಾರೆ. ಅಷ್ಟನ್ನೂ ಬರೆಯಿರಿ. ಯಾವುದನ್ನು ಓದಲು ಬರುತ್ತದೆ, ಯಾವುದನ್ನು ಬರೆಯಲು ಬರುತ್ತದೆ, ಯಾವುದು ಮಾತಿಗೆ ಮಾತ್ರ ಎಂಬುದನ್ನು ಪ್ರಾಮಾಣಿಕವಾಗಿ ಬಿಡಿಸಿ ಬರೆಯಿರಿ. ದಖ್ಖನಿಯಲ್ಲಿ ಮಾತಾಡಿ ಗೊತ್ತಿದ್ದರೆ ಅದನ್ನೂ.

ಅಪಸ್ಮಾರಕ್ಕೆ ತಾಯಿತ ಕಟ್ಟಿ ವರ್ಷಗಟ್ಟಲೆ ಕಾದವರನ್ನು ನಾವು ಬಲ್ಲೆವು. ದುಆ ಮಾಡುವುದಕ್ಕೂ ಚಿಕಿತ್ಸೆ ಮಾಡಿಸುವುದಕ್ಕೂ ದೀನಿನಲ್ಲಿ ಯಾವ ವಿರೋಧವೂ ಇಲ್ಲವೆಂದು ನಮ್ಮ ಉಸ್ತಾದರೇ ಹೇಳುತ್ತಾರೆ. ಆ ಮಾತನ್ನು ಆ ಮನೆಯ ತಾಯಿಗೆ ಆಕೆಯ ಭಾಷೆಯಲ್ಲಿ, ಗೌರವ ಬಿಡದೆ ಹೇಳಬಲ್ಲ ತಜ್ಞೆಯೊಬ್ಬಳು ಆಸ್ಪತ್ರೆಯ ಕೋಣೆಯಲ್ಲಿ ಕುಳಿತಿದ್ದರೆ ಎಷ್ಟೋ ಮಕ್ಕಳು ಬೇಗ ಚಿಕಿತ್ಸೆಗೆ ಬರುತ್ತಾರೆ. ಈ ವಿಷಯಕ್ಕೆ ಟ್ರಸ್ಟ್ ಹಣ ಖರ್ಚು ಮಾಡಬೇಕೇ ಎಂದು ಸಭೆಯಲ್ಲಿ ಕೇಳಿದ ಹಿರಿಯರಿಗೆ ನಾವು ಕೊಟ್ಟ ಉತ್ತರ ಇದೇ.

ದಾರಿ ಯಾವುದು, ದಾರಿಯಲ್ಲದ್ದು ಯಾವುದು

ನಮ್ಮ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡಲು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐಯಲ್ಲಿ, ನೋಂದಣಿ ಬೇಕು. 1992ರ ಆರ್‌ಸಿಐ ಕಾಯ್ದೆಯ ಪ್ರಕಾರ ನೋಂದಣಿಯಿಲ್ಲದೆ ವೃತ್ತಿ ಮಾಡುವುದು ಶಿಕ್ಷಾರ್ಹ ಅಪರಾಧ. 2017ರ ಮಾನಸಿಕ ಆರೋಗ್ಯ ಕಾಯ್ದೆ ಕೂಡ ಆರ್‌ಸಿಐ ಒಪ್ಪಿದ ಅರ್ಹತೆಯನ್ನೇ ಕೇಳುತ್ತದೆ. ಇದುವರೆಗೆ ಆ ಮುಖ್ಯ ಅರ್ಹತೆಯೆಂದರೆ ಮನಃಶಾಸ್ತ್ರದಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ನಂತರ, ಆಸ್ಪತ್ರೆಯಲ್ಲಿ ಹಿರಿಯರ ಮೇಲ್ವಿಚಾರಣೆಯಲ್ಲಿ ಎರಡು ವರ್ಷ ಪೂರ್ಣಾವಧಿ ಮಾಡುವ ಎಂ.ಫಿಲ್. ಕ್ಲಿನಿಕಲ್ ಸೈಕಾಲಜಿ. ನ್ಯೂರೋಸೈಕಾಲಜಿಯ ಮೊದಲ ನಿಜವಾದ ತರಬೇತಿ ಸಿಗುವುದು ಇದರೊಳಗೇ. ಅದರಲ್ಲೇ ಮುಂದುವರಿಯಬಯಸುವವರು ಆ ವಿಭಾಗ ಬಲವಾಗಿರುವ ಸಂಸ್ಥೆಯಲ್ಲಿ ಪ್ರಬಂಧ ಬರೆದು, ಬಳಿಕ ಪಿಎಚ್.ಡಿ.ಗೆ ಹೋಗುತ್ತಾರೆ.

ನಿಮ್ಹಾನ್ಸ್‌ಗೆ ಇದರಲ್ಲಿ ಹಳೆಯ ಪರಂಪರೆ ಇದೆ. 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಮತ್ತು ಮೈಸೂರು ಸರಕಾರದ ಮಾನಸಿಕ ಆಸ್ಪತ್ರೆ 1974ರಲ್ಲಿ ಒಂದಾಗಿ ಈ ಸಂಸ್ಥೆಯಾಯಿತು. ನಮ್ಮ ರಾಜ್ಯದಲ್ಲೇ ಧಾರವಾಡದ ಡಿಮ್ಹಾನ್ಸ್, ಮಣಿಪಾಲ, ಹೊರಗೆ ರಾಂಚಿಯ ಸಿಐಪಿ, ದಿಲ್ಲಿಯ ಇಹ್‌ಬಾಸ್ ಹೀಗೆ ಹಲವು ಕಡೆ ಈ ತರಬೇತಿ ನಡೆದಿದೆ. ಎಲ್ಲ ಕಡೆಯೂ ಸೀಟುಗಳು ಬಹಳ ಕಡಿಮೆ, ಅರ್ಜಿಗಳು ಬಹಳ ಹೆಚ್ಚು. ಒಂದೇ ಸಂಸ್ಥೆಯನ್ನು ನಂಬಿ ಕೂರುವುದು ಜಾಣತನವಲ್ಲ.

ಈಗ ಒಂದು ಮುಖ್ಯ ಬದಲಾವಣೆ. ಯುಜಿಸಿ ಎಂ.ಫಿಲ್. ಪದವಿಯನ್ನೇ ನಿಲ್ಲಿಸಿದಾಗ ಕ್ಲಿನಿಕಲ್ ಸೈಕಾಲಜಿಗೆ ವಿನಾಯಿತಿ ಕೊಟ್ಟು, 2025–26ರ ಸಾಲಿನವರೆಗೆ ಪ್ರವೇಶಕ್ಕೆ ಅವಕಾಶ ನೀಡಿತು. ಆರ್‌ಸಿಐ ನಾಲ್ಕು ವರ್ಷದ ಆನರ್ಸ್ ಬಿ.ಎಸ್ಸಿ. ಕ್ಲಿನಿಕಲ್ ಸೈಕಾಲಜಿ, ಸೈ.ಡಿ. ಮುಂತಾದ ಹೊಸ ಪದವಿಗಳನ್ನು ತಂದಿದೆ. ಪದವಿಯ ಹೆಸರು ಏನೇ ಆಗಲಿ, ನೀವು ನೋಡಬೇಕಾದದ್ದು ಒಂದೇ: ನೀವು ಸೇರುವ ವರ್ಷಕ್ಕೆ, ಆ ಸಂಸ್ಥೆಯ ಆ ಕೋರ್ಸಿಗೆ ಆರ್‌ಸಿಐ ಮಾನ್ಯತೆ ಇದೆಯೇ? ಆರ್‌ಸಿಐ ವೆಬ್‌ಸೈಟಿನಲ್ಲಿ ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿ ಇದೆ. ಕಾಲೇಜಿನ ಬ್ರೋಷರ್ ನಂಬಬೇಡಿ, ಪಟ್ಟಿ ನೋಡಿ.

ಆರು ತಿಂಗಳ ಕೌನ್ಸೆಲಿಂಗ್ ಡಿಪ್ಲೊಮಾ, ಆನ್‌ಲೈನ್ ‘ನ್ಯೂರೋಸೈಕಾಲಜಿ ಸರ್ಟಿಫಿಕೇಟ್’, ವಾರಾಂತ್ಯದ ಕಾರ್ಯಾಗಾರ ಇವು ಯಾವುವೂ ಆ ನೋಂದಣಿ ಕೊಡುವುದಿಲ್ಲ. ಇಂಥವಕ್ಕೆ ಹಣ ಕೇಳಿ ಬಂದ ಅರ್ಜಿಗಳನ್ನು ನಾವು ಈ ವರ್ಷ ಹಿಂದಿರುಗಿಸಿದ್ದೇವೆ. ದೂರಶಿಕ್ಷಣದ ಬಗ್ಗೆಯೂ ಎಚ್ಚರ ಬೇಕು. ಮನಃಶಾಸ್ತ್ರವನ್ನು ಆರೋಗ್ಯ ಸಂಬಂಧಿ ವಿಷಯವೆಂದು ಪರಿಗಣಿಸಿ, 2025ರ ಜುಲೈ–ಆಗಸ್ಟ್ ಅವಧಿಯಿಂದ ಅದನ್ನು ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಕಲಿಸಬಾರದೆಂದು ಯುಜಿಸಿ ಸೂಚಿಸಿದೆ. ಮನೆಯಿಂದಲೇ ಓದಿಸೋಣ ಎಂದುಕೊಂಡಿರುವ ಹೆತ್ತವರು ಇದನ್ನು ಗಮನಿಸಬೇಕು.

ಅರ್ಜಿ ಗಟ್ಟಿಯಾಗುವುದು ಹೇಗೆ

ಸಾಮಾನ್ಯ ವರ್ಗಕ್ಕೆ ಎಂ.ಎ.ಯಲ್ಲಿ ಶೇ. 55 ಅಂಕ ಕನಿಷ್ಠ ಅರ್ಹತೆ. ಅದಕ್ಕಿಂತ ಎಷ್ಟು ಹೆಚ್ಚು ಬಂದಿದೆ ಎಂಬುದು ಪ್ರವೇಶ ಪರೀಕ್ಷೆಯ ದಿನ ದೊಡ್ಡ ವಿಷಯವಲ್ಲ. ಅಂದು ಕೆಲಸಕ್ಕೆ ಬರುವುದು ಮನೋರೋಗ ಲಕ್ಷಣಗಳು, ಮೆದುಳಿನ ರಚನೆ ಮತ್ತು ಕೆಲಸ, ಪರೀಕ್ಷೆಗಳನ್ನು ರೂಪಿಸುವ ತತ್ತ್ವ, ಸಂಶೋಧನಾ ವಿಧಾನ ಮತ್ತು ಸಂಖ್ಯಾಶಾಸ್ತ್ರ. ಕಲಾ ವಿಭಾಗದಿಂದ ಬಂದ ನಮ್ಮ ಮಕ್ಕಳು ಕೊನೆಯ ಎರಡಕ್ಕೆ ಹೆದರಿ ಅವನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ನಮ್ಮ ಸಲಹೆ ತಿರುಗುಮುರುಗು: ಎಂ.ಎ. ಮೊದಲ ವರ್ಷದಲ್ಲೇ ಸಂಖ್ಯಾಶಾಸ್ತ್ರಕ್ಕೆ ಒಬ್ಬ ಒಳ್ಳೆಯ ಮೇಷ್ಟ್ರನ್ನು ಹುಡುಕಿಕೊಳ್ಳಿ. ಬೇಕಾದರೆ ಆ ಟ್ಯೂಷನ್ ಶುಲ್ಕವನ್ನೂ ಟ್ರಸ್ಟ್ ಕೊಡುತ್ತದೆ. ಒಂದು ಅಂಕ ಸಾಮಾನ್ಯರ ಸರಾಸರಿಯಿಂದ ಎಷ್ಟು ದೂರ ಬಿದ್ದರೆ ಅದನ್ನು ನ್ಯೂನತೆ ಎನ್ನಬೇಕು ಎಂಬುದೇ ಈ ವಿದ್ಯೆಯ ಬುಡ. ಅದು ತಿಳಿಯದೆ ಮುಂದಿನದು ಗಿಳಿಪಾಠ.

ಎಂ.ಎ. ಪ್ರಬಂಧದ ವಿಷಯ ಆರಿಸುವಾಗ ಸುಲಭವೆಂದು ‘ಕಾಲೇಜು ವಿದ್ಯಾರ್ಥಿಗಳಲ್ಲಿ ಮೊಬೈಲ್ ಚಟ’ ಎಂಬ ಗೂಗಲ್ ಫಾರ್ಮ್ ಅಧ್ಯಯನ ಮಾಡುವವರೇ ಹೆಚ್ಚು. ತಪ್ಪೇನಿಲ್ಲ. ಆದರೆ ಗಮನ, ಸ್ಮರಣೆ, ಭಾಷೆ ಇವುಗಳಲ್ಲಿ ಒಂದನ್ನು ಎದುರು ಕುಳಿತು ಅಳೆದ ಸಣ್ಣ ಅಧ್ಯಯನ, ಮೂವತ್ತೇ ಜನರದ್ದಾದರೂ, ಸಂದರ್ಶನದಲ್ಲಿ ಮಾತಾಡಲು ಬಹಳ ಕೊಡುತ್ತದೆ. ಯಾರು ದಣಿದರು, ಯಾರು ಸೂಚನೆ ತಪ್ಪು ತಿಳಿದರು, ಓದಿದವರಿಗೂ ಓದದವರಿಗೂ ಏನು ವ್ಯತ್ಯಾಸ ಕಂಡಿತು ಎಂದು ಹೇಳಬಲ್ಲ ವಿದ್ಯಾರ್ಥಿ ಬೇರೆಯಾಗಿ ಕಾಣುತ್ತಾಳೆ.

ಆಸ್ಪತ್ರೆಯ ಅನುಭವದ ವಿಷಯ. ಎಂ.ಎ. ಓದುವಾಗಲೇ ಕಾಲೇಜಿನ ಪತ್ರ ಹಿಡಿದು ಮನೋವೈದ್ಯ ವಿಭಾಗ, ನರರೋಗ ವಿಭಾಗ, ವಿಶೇಷ ಮಕ್ಕಳ ಶಾಲೆ, ವೃದ್ಧರ ಆರೈಕೆ ಕೇಂದ್ರ ಇವುಗಳಲ್ಲಿ ಒಂದು ಕಡೆ ತಿಂಗಳಾದರೂ ಇರಿ. ಐದು ಕಡೆ ಐದೈದು ದಿನ ಓಡಾಡಿ ಐದು ಸರ್ಟಿಫಿಕೇಟ್ ತರುವುದಕ್ಕಿಂತ, ಒಬ್ಬ ನೋಂದಾಯಿತ ಮೇಲ್ವಿಚಾರಕರ ಕೈಕೆಳಗೆ ಒಂದೇ ಕಡೆ ನಿಂತು ಇಪ್ಪತ್ತು ರೋಗಿಗಳ ಇತಿಹಾಸ ಬರೆದುಕೊಂಡದ್ದು ಲೇಸು. ರೋಗಿಯ ಹೆಸರು, ಊರು ಬರೆಯದೆ ಒಂದು ಪುಸ್ತಕದಲ್ಲಿ ಟಿಪ್ಪಣಿ ಇಟ್ಟುಕೊಳ್ಳಿ: ಯಾವ ತೊಂದರೆಗೆ ಬಂದರು, ನೀವು ಏನು ಕೇಳಿದಿರಿ, ಮೇಲ್ವಿಚಾರಕರು ಎಲ್ಲಿ ತಿದ್ದಿದರು. ಸಂದರ್ಶನಕ್ಕೆ ಹೋಗುವ ಹಿಂದಿನ ರಾತ್ರಿ ಬೇರೆ ಯಾವ ಪುಸ್ತಕವೂ ಇದರಷ್ಟು ನೆರವಾಗದು. ಪರೀಕ್ಷೆಗಳ ಜೆರಾಕ್ಸ್ ಪ್ರತಿ ಸಂಪಾದಿಸಿ ಮನೆಯಲ್ಲಿ ಚಿಕ್ಕಪ್ಪನ ಮಕ್ಕಳ ಮೇಲೆ ಪ್ರಯೋಗ ಮಾಡಿ ‘ಐಕ್ಯೂ ಇಷ್ಟು’ ಎಂದು ಹೇಳುವ ಕೆಲಸವನ್ನು ದಯವಿಟ್ಟು ಮಾಡಬೇಡಿ. ಅದು ಅನುಭವವಲ್ಲ, ತರಬೇತಿಯಿಲ್ಲದೆ ಮಾಡಿದ ವೃತ್ತಿಲೋಪ. ಸಂದರ್ಶಕರಿಗೆ ತಿಳಿದರೆ ಅಲ್ಲಿಗೇ ಮುಗಿಯಿತು.

ಶಿಫಾರಸು ಪತ್ರ ಕೇಳುವ ಕಡೆ, ನಿಮ್ಮ ಕೆಲಸವನ್ನು ಕಣ್ಣಾರೆ ಕಂಡವರಿಂದ ಪಡೆಯಿರಿ. ದೊಡ್ಡ ಹೆಸರಿನವರ ನಾಲ್ಕು ಸಾಲಿಗಿಂತ, ನಿಮ್ಮ ಪ್ರಬಂಧ ತಿದ್ದಿದ ಅಧ್ಯಾಪಕಿಯ ಒಂದು ಪುಟ ಭಾರ. ಶಾಸಕರ ಪತ್ರ ಅಲ್ಲಿಗೂ ಬೇಡ, ನಮ್ಮ ಕಚೇರಿಗೂ ಬೇಡ.

‘ಯಾಕೆ ಈ ಕ್ಷೇತ್ರ’ ಎಂಬ ಪ್ರಶ್ನೆಗೆ ‘ಚಿಕ್ಕಂದಿನಿಂದಲೂ ಸೇವೆ ಮಾಡುವ ಆಸೆ’ ಎಂದು ನಮಗೆ ಬಂದ ಅರ್ಜಿಗಳಲ್ಲಿ ಹೆಚ್ಚಿನವರು ಬರೆದಿದ್ದಾರೆ. ಆಸೆ ನಿಜವೇ ಇರಬಹುದು, ಆದರೆ ಓದುವವರಿಗೆ ಅದರಿಂದ ನಿಮ್ಮ ಬಗ್ಗೆ ಏನೂ ತಿಳಿಯುವುದಿಲ್ಲ. ನೀವು ಕಂಡ ಒಂದು ಸಂಗತಿ, ಅದರಿಂದ ನಿಮ್ಮಲ್ಲಿ ಎದ್ದ ಪ್ರಶ್ನೆ, ಅದಕ್ಕೆ ನೀವು ಓದಿದ್ದು, ಇನ್ನೂ ತಿಳಿಯದೆ ಉಳಿದದ್ದು, ಇಷ್ಟನ್ನು ಬರೆಯಿರಿ. ಮನೆಯವರ ಕಾಯಿಲೆಯನ್ನು ಬರೆಯುವುದಾದರೆ ಎರಡು ಸಾಲು ಸಾಕು. ಒಂದು ವರ್ಷ ಓದು ನಿಂತಿದ್ದರೆ, ಒಂದು ಪೇಪರ್ ಉಳಿದಿದ್ದರೆ ಮುಚ್ಚಿಡದೆ ಕಾರಣ ಹೇಳಿ ಮುಂದೆ ಹೋಗಿ.

ಅಮೆರಿಕಾಕ್ಕೆ ಹೋಗಿ ಕಲಿಯಬೇಕೆಂದು ಇಬ್ಬರು ಮೂವರು ಕೇಳಿದ್ದಾರೆ. ಅಲ್ಲಿನ ದಾರಿ ಉದ್ದ: ಡಾಕ್ಟರೇಟ್, ಅದರ ಭಾಗವಾಗಿ ಒಂದು ವರ್ಷದ ಇಂಟರ್ನ್‌ಶಿಪ್, ಆಮೇಲೆ ಎರಡು ವರ್ಷದ ವಿಶೇಷ ತರಬೇತಿ. 1997ರ ಹ್ಯೂಸ್ಟನ್ ಸಮ್ಮೇಳನದಲ್ಲಿ ಈ ಚೌಕಟ್ಟು ಗಟ್ಟಿಯಾಯಿತು. ಇಂಟರ್ನ್‌ಶಿಪ್ ಸೀಟನ್ನು ಅಭ್ಯರ್ಥಿ ಮತ್ತು ಸಂಸ್ಥೆಗಳ ಆದ್ಯತಾ ಪಟ್ಟಿ ಹೊಂದಿಸಿ ರಾಷ್ಟ್ರಮಟ್ಟದಲ್ಲಿ ಹಂಚುತ್ತಾರೆ. ಮೊದಲು ಇಲ್ಲಿನ ತರಬೇತಿ ಮುಗಿಸಿ ಯೋಚಿಸುವುದು ಒಳ್ಳೆಯದೆಂದು ನಮಗೆ ತೋರುತ್ತದೆ.

ಕಾಗದ ಪತ್ರಗಳ ತೊಡಕು

ಓದಿನಲ್ಲಿ ಗೆದ್ದವರು ಇಲ್ಲಿ ಸೋಲಬಾರದು. ರಾಜ್ಯದ 2ಬಿ ಪ್ರಮಾಣಪತ್ರ ಕೇಂದ್ರದ ಸಂಸ್ಥೆಗಳಲ್ಲಿ ನಡೆಯುವುದಿಲ್ಲ. ನಿಮ್ಹಾನ್ಸ್ ಕೇಂದ್ರದ ಸಂಸ್ಥೆ. ಅಲ್ಲಿಗೆ ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರ ಬೇಕು, ಕೆನೆಪದರದಲ್ಲಿಲ್ಲ ಎಂಬ ಒಕ್ಕಣೆಯೊಂದಿಗೆ. ರಾಜ್ಯದ ಮುಸ್ಲಿಮರಲ್ಲಿ ಎಲ್ಲ ಪಂಗಡಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. ನಿಮ್ಮ ಪಂಗಡ ಇದೆಯೇ ಎಂದು ತಾಲೂಕು ಕಚೇರಿಯಲ್ಲಿ ವಿಚಾರಿಸಿ. ಇಲ್ಲದವರು ಆದಾಯ ಮತ್ತು ಆಸ್ತಿಯ ಮಿತಿಯೊಳಗಿದ್ದರೆ ಆರ್ಥಿಕವಾಗಿ ಹಿಂದುಳಿದವರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪದವಿ ಪತ್ರ ಮೂರರಲ್ಲೂ ಹೆಸರು ಒಂದೇ ರೀತಿ ಇದೆಯೇ ನೋಡಿ. ‘ಫಾತಿಮಾ’ ಒಂದು ಕಡೆ, ‘ಫಾತಿಮತ್’ ಇನ್ನೊಂದು ಕಡೆ ಇರುವುದು ನಮ್ಮಲ್ಲಿ ಮಾಮೂಲು. ತಿದ್ದುಪಡಿಗೆ ತಿಂಗಳುಗಳು ಹಿಡಿಯುತ್ತವೆ. ಪ್ರವೇಶ ಪ್ರಕಟಣೆಯ ತಿಂಗಳು ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾದ್ದರಿಂದ ಜನವರಿಯಿಂದಲೇ ವೆಬ್‌ಸೈಟ್‌ಗಳನ್ನು ನೋಡುತ್ತಿರಿ.

ಹಣದ ವಿಷಯ ಬಿಚ್ಚಿ ಹೇಳಬೇಕು. ಸರಕಾರಿ ಸಂಸ್ಥೆಗಳಲ್ಲಿ ಶುಲ್ಕ ಹಗುರ, ಕೆಲವು ಕಡೆ ಸ್ಟೈಪೆಂಡ್ ಕೂಡ ಇದೆ. ಖಾಸಗಿಯಲ್ಲಿ ಲೆಕ್ಕ ಲಕ್ಷಗಳಲ್ಲಿ. ಎಂ.ಫಿಲ್., ಪಿಎಚ್.ಡಿ. ಮಾಡುವ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಇದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ಅನ್ನು ಕೇಂದ್ರ ಸರಕಾರ 2022–23ರಿಂದ ನಿಲ್ಲಿಸಿದೆ. ಆ ಖಾಲಿ ಜಾಗವನ್ನು ನಮ್ಮಂಥ ಸಣ್ಣ ಟ್ರಸ್ಟ್ ಪೂರ್ತಿ ತುಂಬಲಾರದು.

ಹೆತ್ತವರಿಗೆ ಒಂದು ಮಾತು. ಇದು ಬೆಳಿಗ್ಗೆಯಿಂದ ಸಂಜೆಯವರೆಗೆ ವಾರ್ಡ್ ಮತ್ತು ಹೊರರೋಗಿ ವಿಭಾಗದಲ್ಲಿ ನಿಲ್ಲುವ ಎರಡು ವರ್ಷದ ಕೆಲಸ. ರಜೆ ಬಹಳ ಕಡಿಮೆ, ಹಾಜರಾತಿ ಕಡ್ಡಾಯ, ಪ್ರಕರಣಗಳ ದಾಖಲೆ ಮತ್ತು ಪ್ರಬಂಧ ಸಲ್ಲಿಸದೆ ಪರೀಕ್ಷೆಗೆ ಕೂರಿಸುವುದಿಲ್ಲ. ಸೀಟು ಸಿಕ್ಕ ಮೇಲೆ ನಿಕಾಹ್ ದಿನ ಗೊತ್ತುಮಾಡಿ ಮಧ್ಯದಲ್ಲಿ ಬಿಡಿಸಿದರೆ ಆ ಸೀಟು ಬೇರೆಯವರಿಗೂ ಹೋಗುವುದಿಲ್ಲ, ಬರಿದೇ ಹಾಳಾಗುತ್ತದೆ. ಮದುವೆ ಬೇಡವೆಂದು ನಾವು ಹೇಳುವುದಿಲ್ಲ. ಮಾತುಕತೆಯ ಹೊತ್ತಿನಲ್ಲೇ ಹುಡುಗನ ಕಡೆಯವರಿಗೆ ಈ ಎರಡು ವರ್ಷದ ವಿಷಯ ಸ್ಪಷ್ಟವಾಗಿ ಹೇಳಿ, ಅವರ ಒಪ್ಪಿಗೆ ಪಡೆದಿರಿ ಎನ್ನುತ್ತೇವೆ.

ಈ ಸಾಲಿನ ನೆರವು

ಆರ್‌ಸಿಐ ಮಾನ್ಯತೆ ಇರುವ ಕ್ಲಿನಿಕಲ್ ಸೈಕಾಲಜಿ ತರಬೇತಿಗೆ ಸಿದ್ಧರಾಗುವವರಿಗೆ ಪ್ರವೇಶ ಪರೀಕ್ಷೆಗಳ ಅರ್ಜಿ ಶುಲ್ಕ, ಪ್ರಯಾಣ ವೆಚ್ಚ ಮತ್ತು ಪುಸ್ತಕಗಳ ಖರ್ಚನ್ನು ಸಾಮಾನ್ಯ ನಿಧಿಯಿಂದ ಕೊಡಲಾಗುವುದು. ಸೀಟು ದೊರೆತವರಲ್ಲಿ ಝಕಾತ್‌ಗೆ ಅರ್ಹರಾದವರಿಗೆ ಹಾಸ್ಟೆಲ್ ಮತ್ತು ಶುಲ್ಕದ ಭಾಗವನ್ನು ಝಕಾತ್ ನಿಧಿಯಿಂದ, ಉಳಿದವರಿಗೆ ಕರ್ಝೆ ಹಸನವಾಗಿ, ಬಡ್ಡಿಯಿಲ್ಲದೆ ನೀಡಲಾಗುವುದು. ಕೆಲಸ ಸಿಕ್ಕ ನಂತರ ಕಂತುಗಳಲ್ಲಿ ಮರಳಿಸಿದ ಹಣ ಮುಂದಿನ ವಿದ್ಯಾರ್ಥಿಗೆ ಹೋಗುತ್ತದೆ. ಅರ್ಜಿಯ ಜೊತೆ ಎಂ.ಎ.ಯ ಇದುವರೆಗಿನ ಅಂಕಪಟ್ಟಿಗಳು, ಆದಾಯ ಪ್ರಮಾಣಪತ್ರ, ಜಮಾಅತ್‌ನ ಪತ್ರ, ಹೆತ್ತವರಿಬ್ಬರ ಸಹಿ ಇರುವ ಒಪ್ಪಿಗೆ, ಮತ್ತು ಅರ್ಜಿ ಹಾಕಲಿರುವ ಕನಿಷ್ಠ ಮೂರು ಸಂಸ್ಥೆಗಳ ಹೆಸರನ್ನು ಆರ್‌ಸಿಐ ಪಟ್ಟಿಯ ಪ್ರತಿಯೊಂದಿಗೆ ಲಗತ್ತಿಸಬೇಕು. ‘ಯಾಕೆ ಈ ಕ್ಷೇತ್ರ’ ಎಂಬುದನ್ನು ಸ್ವಂತ ಕೈಬರಹದಲ್ಲಿ, ಒಂದು ಪುಟ ಮೀರದಂತೆ, ಕನ್ನಡ, ಉರ್ದು ಅಥವಾ ಇಂಗ್ಲಿಷಿನಲ್ಲಿ ಬರೆಯಬಹುದು. ನಮೂನೆಗಳು ಕಚೇರಿಯಲ್ಲಿ ಝುಹರ್ ನಂತರ ಅಸರ್‌ವರೆಗೆ ಸಿಗುತ್ತವೆ. ಶುಕ್ರವಾರ ಕಚೇರಿಗೆ ರಜೆ.